ರಾಶಿ ಭಾಗಿಸು ಚಾಲಿ: ಬ್ಯಾಂಕಿನ ವರ್ಚುವಲ್ ಇಂಟರ್ನ್‌ಶಿಪ್ ಮತ್ತು ಅಪ್ಪನ ಅಡಿಕೆ ಧಾರಣೆಯ ಡೈರಿ

ಅಕ್ಟೋಬರ್ 2022, ಶಿರಸಿ ಹತ್ತಿರದ ನಮ್ಮೂರು

ಆರನೇ ಸೆಮಿಸ್ಟರ್ ಮುಗಿಸಿ ಮನೆಗೆ ಬಂದಿದ್ದೇನೆ. ಬೆಂಗಳೂರಿನಲ್ಲಿ ಪಿಜಿ ಹಿಡಿದು ಇಂಟರ್ನ್‌ಶಿಪ್ ಮಾಡುವಷ್ಟು ಅನುಕೂಲ ಈ ಸಲ ಇರಲಿಲ್ಲ. ಸೀನಿಯರ್ ಒಬ್ಬರು ಫೋರೇಜ್ ಎಂಬ ಆನ್‌ಲೈನ್ ತಾಣದಲ್ಲಿ ಅಮೆರಿಕದ ಜೆಪಿ ಮಾರ್ಗನ್ ಚೇಸ್ ಬ್ಯಾಂಕಿನ ಸಾಫ್ಟ್‌ವೇರ್ ಇಂಜಿನಿಯರಿಂಗ್ ವರ್ಚುವಲ್ ಇಂಟರ್ನ್‌ಶಿಪ್ ಇದೆ, ಮಾಡಿ ನೋಡು ಎಂದರು. ಹೆಸರು ನೋಂದಾಯಿಸಿದೆ. ಸಂದರ್ಶನ ಇಲ್ಲ, ಶುಲ್ಕ ಇಲ್ಲ, ಸಂಬಳವೂ ಇಲ್ಲ. ಆ ಕಡೆ ಕೂತು ನಮ್ಮ ಕೆಲಸ ನೋಡುವ ಮೇಲಧಿಕಾರಿಯೂ ಇಲ್ಲ. ಬ್ಯಾಂಕಿನಲ್ಲಿ ನಡೆಯುವ ಕೆಲಸದ ಒಂದು ಮಾದರಿಯನ್ನು ಕೊಡುತ್ತಾರೆ, ನಾವು ಮಾಡಿ ಕಳಿಸುತ್ತೇವೆ, ಆಮೇಲೆ ಅವರ ಮಾದರಿ ಉತ್ತರ ತೆರೆದುಕೊಳ್ಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುವುದು ನಮ್ಮದೇ ಜವಾಬ್ದಾರಿ. ಇದನ್ನು ರೆಸ್ಯೂಮೆಯಲ್ಲಿ ‘ಉದ್ಯೋಗ ಅನುಭವ’ದ ಕೆಳಗೆ ಬರೆಯಬಾರದು ಎಂದು ಮೊದಲ ದಿನವೇ ತೀರ್ಮಾನಿಸಿದೆ. ಕಲಿತ ಕೆಲಸ ಎಂದು ಬರೆದರೆ ಸಾಕು, ಅದು ನಿಜ ಕೂಡ.

ಮೊದಲ ಕೆಲಸ

ಎಬಿಸಿ, ಡಿಇಎಫ್ ಎಂಬ ಎರಡು ಕಾಲ್ಪನಿಕ ಷೇರುಗಳಿವೆ. ಅವುಗಳ ಬೆಲೆಯನ್ನು ಕ್ಷಣಕ್ಷಣಕ್ಕೂ ಕೊಡುವ ಒಂದು ಪುಟ್ಟ ಪೈಥಾನ್ ಸರ್ವರ್ ನಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ. ಆ ಬೆಲೆ ತೆಗೆದುಕೊಂಡು ಲೆಕ್ಕ ಮಾಡುವ ಇನ್ನೊಂದು ಪ್ರೋಗ್ರಾಂ ಅರ್ಧಕ್ಕೆ ನಿಂತಿದೆ, ಅದನ್ನು ಸರಿಪಡಿಸಬೇಕು. ಎಲ್ಲವೂ ನಮ್ಮ ಕಂಪ್ಯೂಟರಿನೊಳಗೇ ನಡೆಯುವುದರಿಂದ ನೆಟ್ ಬೇಡ. ನಮ್ಮಲ್ಲಿ ಸಿಗ್ನಲ್ ಬೇಕೆಂದರೆ ಮನೆ ಹಿಂದಿನ ಗುಡ್ಡ ಹತ್ತಬೇಕು. ಹಾಗಾಗಿ ಒಮ್ಮೆ ಮೇಲೆ ಹೋಗಿ ಎಲ್ಲ ಇಳಿಸಿಕೊಂಡು ಬಂದು, ಜಗಲಿಯಲ್ಲಿ ಕೂತು ಮುಗಿಸಿದೆ.

ಪ್ರತಿ ಷೇರಿಗೂ ಎರಡು ಬೆಲೆ ಇರುತ್ತವೆ. ಕೊಳ್ಳುವವನು ಕೊಡಲು ತಯಾರಿರುವ ಅತಿ ಹೆಚ್ಚಿನ ಬೆಲೆ ಬಿಡ್. ಮಾರುವವನು ಒಪ್ಪುವ ಅತಿ ಕಡಿಮೆ ಬೆಲೆ ಆಸ್ಕ್. ಕೊಟ್ಟಿದ್ದ ಪ್ರೋಗ್ರಾಂ ಬಿಡ್ ಒಂದನ್ನೇ ಷೇರಿನ ಬೆಲೆ ಎಂದು ಹಿಡಿಯುತ್ತಿತ್ತು. ಎರಡನ್ನೂ ಕೂಡಿಸಿ ಅರ್ಧ ಮಾಡಬೇಕು: ಬಿಡ್ 120.48, ಆಸ್ಕ್ 121.2 ಇದ್ದರೆ ಬೆಲೆ 120.84. ಆಮೇಲೆ ಒಂದು ಷೇರಿನ ಬೆಲೆಯನ್ನು ಇನ್ನೊಂದರ ಬೆಲೆಯಿಂದ ಭಾಗಿಸಿ ಅನುಪಾತ ತೆಗೆಯಬೇಕು. ಎರಡನೇ ಬೆಲೆ ಸೊನ್ನೆಯಾಗಿದ್ದರೆ ಭಾಗಿಸದೆ ಹಿಂದಿರುಗಬೇಕು. ಬರೆದದ್ದು ನಾಲ್ಕೈದು ಸಾಲು ಅಷ್ಟೇ. ಆದರೆ ಅದಕ್ಕೆ ಯೂನಿಟ್ ಟೆಸ್ಟ್ (ಲೆಕ್ಕ ಸರಿ ಬರುತ್ತದೆಯೇ ಎಂದು ಪರೀಕ್ಷಿಸುವ ಪುಟ್ಟ ಕೋಡ್) ಬರೆದು, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಪ್ಯಾಚ್ ಫೈಲ್ (ಬದಲಿಸಿದ್ದನ್ನಷ್ಟೇ ತೋರಿಸುವ ಕಡತ) ಮಾಡಿ ಕಳಿಸುವ ಕ್ರಮ ನನಗೆ ಹೊಸದು. ಕಾಲೇಜು ಲ್ಯಾಬಿನಲ್ಲಿ ಔಟ್‌ಪುಟ್ ಬಂದರೆ ಕೆಲಸ ಮುಗಿಯಿತು. ಇಲ್ಲಿ ಬೇರೆಯವರು ಬರೆದ ಕೋಡನ್ನು ಓದಿ, ಎಷ್ಟು ಬೇಕೋ ಅಷ್ಟನ್ನೇ ಬದಲಿಸಿ, ಬದಲಿಸಿದ್ದು ಏನೆಂದು ತೋರಿಸಿಕೊಡಬೇಕು. ಈ ಇಂಟರ್ನ್‌ಶಿಪ್‌ನಲ್ಲಿ ನನಗೆ ಅತಿ ಹೆಚ್ಚು ಬೆಲೆಬಾಳುವುದು ಎನಿಸಿದ್ದು ಇದೇ.

ಎರಡನೇ ಕೆಲಸ, ಮೂರು ರಾತ್ರಿ

ಅದೇ ಬೆಲೆಗಳನ್ನು ಪರ್ಸ್ಪೆಕ್ಟಿವ್ ಎಂಬ ಸಲಕರಣೆಯಲ್ಲಿ ಗ್ರಾಫ್ ಆಗಿ ತೋರಿಸಬೇಕು. ಇದು ಜೆಪಿ ಮಾರ್ಗನ್ ಒಳಗೇ ಬೆಳೆದು, ಆಮೇಲೆ ಮುಕ್ತ ತಂತ್ರಾಂಶವಾಗಿ ಹೊರಬಂದದ್ದು. ಬರುತ್ತಲೇ ಇರುವ ಅಂಕಿಗಳನ್ನು ಬ್ರೌಸರಿನಲ್ಲೇ ಬೇಗ ಲೆಕ್ಕ ಹಾಕಿ ತೋರಿಸುತ್ತದೆ.

ಮೊದಲ ರಾತ್ರಿ ಪ್ರಾಜೆಕ್ಟ್ ಶುರುವೇ ಆಗಲಿಲ್ಲ. ಪರದೆ ತುಂಬ ಓಪನ್‌ಎಸ್‌ಎಸ್‌ಎಲ್ (ಗೂಢಲಿಪಿಯ ಕೆಲಸ ಮಾಡುವ ತಂತ್ರಾಂಶ) ಎಂದು ಕೆಂಪಕ್ಷರದ ಎರರ್. ಎರಡನೇ ರಾತ್ರಿ ಗುಡ್ಡದ ಮೇಲೆ ಕೂತು ಹುಡುಕಿದಾಗ ಕಾರಣ ಸಿಕ್ಕಿತು. ಜಾವಾಸ್ಕ್ರಿಪ್ಟ್ ಕೋಡ್ ಓಡಿಸುವ ನೋಡ್ ಎಂಬ ತಂತ್ರಾಂಶದ 17 ಮತ್ತು ಅದರ ಮುಂದಿನ ಆವೃತ್ತಿಗಳು ಓಪನ್‌ಎಸ್‌ಎಸ್‌ಎಲ್ 3 ಬಳಸುತ್ತವೆ. ಕೋಡ್ ಕಡತಗಳನ್ನು ಒಟ್ಟುಗೂಡಿಸುವ ವೆಬ್‌ಪ್ಯಾಕ್‌ನ ಹಳೆಯ ಆವೃತ್ತಿ ನೆಚ್ಚಿಕೊಂಡಿದ್ದ ಎಂಡಿ4 ಎಂಬ ಹಳೇ ಹ್ಯಾಶ್ ವಿಧಾನವನ್ನು (ಕಡತಕ್ಕೊಂದು ಗುರುತು ಸಂಖ್ಯೆ ಕೊಡುವ ಲೆಕ್ಕ) ಅದು ಮೊದಲಿನ ಹಾಗೆ ಬಳಸಲು ಬಿಡುವುದಿಲ್ಲ. ಹಳೆಯ ನೋಡ್ ಹಾಕಿಕೊಳ್ಳಿ ಎಂದು ಸೂಚನೆಯಲ್ಲಿ ಇತ್ತು, ನಾನೇ ಓದದೆ ದಾಟಿದ್ದೆ. ನೋಡ್‌ನ ಆವೃತ್ತಿ ಬದಲಿಸಿಕೊಡುವ ಎನ್‌ವಿಎಂ ಹಾಕಿಕೊಂಡು ಹಳೆಯ ಆವೃತ್ತಿಗೆ ಇಳಿದೆ. ಮೂರನೇ ರಾತ್ರಿ ಗೆರೆ ಓಡಿತು.

ಆಯಿ ಹಾಲಿನ ಲೋಟ ತಂದಿಟ್ಟು ಪರದೆ ನೋಡಿ ಕೇಳಿದಳು, “ಎಂತದೇ ಕೂಸೆ ಅದು, ಇಸಿಜಿ ಇದ್ದಾಂಗೆ ಕಾಣ್ತು?”

ಮೂರನೇ ಕೆಲಸ

ಇಲ್ಲಿ ಅರ್ಥ ಕೂಡಿಬಂತು. ಎರಡು ಷೇರುಗಳು ಬಹುಕಾಲ ಜೊತೆಜೊತೆಗೇ ಏರಿ ಇಳಿದಿದ್ದರೆ ಅವುಗಳ ಅನುಪಾತ ಒಂದು ಮಟ್ಟದ ಆಸುಪಾಸಿನಲ್ಲೇ ಇರುತ್ತದೆ. ಅದು ತಪ್ಪಿ ದೂರ ಸರಿದಾಗ, ಮತ್ತೆ ಹತ್ತಿರ ಬಂದೀತು ಎಂಬ ನಂಬಿಕೆಯಿಂದ ಅಗ್ಗವಾದದ್ದನ್ನು ಕೊಂಡು ತುಟ್ಟಿಯಾದದ್ದನ್ನು ಮಾರುತ್ತಾರೆ. ಇದಕ್ಕೆ ಪೇರ್ಸ್ ಟ್ರೇಡಿಂಗ್ ಎನ್ನುತ್ತಾರೆ. ಗ್ರಾಫಿನಲ್ಲಿ ಅನುಪಾತದ ಗೆರೆ, ಮೇಲೊಂದು ಮಿತಿ, ಕೆಳಗೊಂದು ಮಿತಿ. ನಾನು 1.05, 0.95 ಎಂದು ಹಾಕಿದೆ. ಗೆರೆ ಮಿತಿ ದಾಟಿದ ಕ್ಷಣ ಎಚ್ಚರಿಕೆಯ ಗೆರೆ ಮೂಡಬೇಕು. ವ್ಯಾಪಾರಿಯ ಕಣ್ಣು ಬೇರೆ ಯಾವುದರ ಮೇಲೂ ಹೋಗಬೇಕಿಲ್ಲ.

ಮತ್ತೆ ಹತ್ತಿರ ಬರದಿದ್ದರೆ? ಇದನ್ನು ಓದಲು ಹೋಗಿ ಒಂದು ಸಂಜೆ ಪೂರ್ತಿ ಹೋಯಿತು. ರಾಯಲ್ ಡಚ್ ಮತ್ತು ಶೆಲ್ ಎಂಬ ಎರಡು ತೈಲ ಕಂಪನಿಗಳು 1907ರಿಂದ 60:40ರ ಪಾಲಿನಲ್ಲಿ ಒಂದೇ ವ್ಯವಹಾರ ಹಂಚಿಕೊಂಡಿದ್ದವು. ಅಂದರೆ ಷೇರುಗಳ ಅನುಪಾತ ಎಷ್ಟಿರಬೇಕು ಎಂಬುದು ಕಾಗದದಲ್ಲೇ ಬರೆದಿತ್ತು. ಆದರೂ ಮಾರುಕಟ್ಟೆಯಲ್ಲಿ ಅದು ತಪ್ಪುತ್ತಲೇ ಇತ್ತು. ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಎಂಬ ಅಮೆರಿಕದ ಹೆಡ್ಜ್ ಫಂಡ್ (ದೊಡ್ಡ ಹೂಡಿಕೆದಾರರ ಹಣ ತೊಡಗಿಸುವ ಸಂಸ್ಥೆ) ಆ ಅಂತರ ಮುಚ್ಚುತ್ತದೆ ಎಂದು ಸಾಲದ ಹಣ ಹೂಡಿತು. 1998ರಲ್ಲಿ ಅಂತರ ಮುಚ್ಚುವ ಬದಲು ಅಗಲವಾಯಿತು. ಇಂಥ ಹಲವು ಹೂಡಿಕೆಗಳು ಒಟ್ಟಿಗೇ ಕೈಕೊಟ್ಟು ಫಂಡ್ ಮುಳುಗುವ ಸ್ಥಿತಿಗೆ ಬಂದಾಗ ದೊಡ್ಡ ಬ್ಯಾಂಕುಗಳು ಸೇರಿ ಸುಮಾರು 360 ಕೋಟಿ ಡಾಲರ್ ಹಾಕಿ ಎತ್ತಬೇಕಾಯಿತು. ಆ ಎರಡು ಕಂಪನಿಗಳು ಒಂದಾದದ್ದು 2005ರಲ್ಲಿ. ಲೆಕ್ಕ ಸರಿಯಾಗಿಯೇ ಇತ್ತು, ಕಾಯಲು ಹಣ ಉಳಿದಿರಲಿಲ್ಲ.

ಕೊನೆಯ ಪ್ಯಾಚ್ ಕಳಿಸಿದೆ. ಸರ್ಟಿಫಿಕೇಟ್ ಬಂತು. ಇಂಟರ್ನ್‌ಶಿಪ್ ಅಲ್ಲಿಗೆ ಮುಗಿಯಿತು. ನನ್ನ ಪ್ರಾಜೆಕ್ಟ್ ಶುರುವಾದದ್ದು ಅದರ ಮರುದಿನ.

ಎರಡು ಷೇರಿನ ಜಾಗದಲ್ಲಿ ಎರಡು ಅಡಿಕೆ

ಜೊತೆಜೊತೆಗೆ ಏರಿಳಿಯುವ ಎರಡು ಬೆಲೆ ನಮ್ಮ ಮನೆಯಲ್ಲೇ ಇವೆ. ರಾಶಿ ಮತ್ತು ಚಾಲಿ. ಒಂದೇ ತೋಟ, ಒಂದೇ ಮರ. ಹಸಿಯಿದ್ದಾಗ ಕೊಯ್ದು, ಸುಲಿದು, ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ಗಟ್ಟಿ ರಸ) ಕೊಟ್ಟು ಒಣಗಿಸಿದರೆ ಕೆಂಪಡಿಕೆ, ಅದರ ಒಂದು ಬಗೆಯೇ ರಾಶಿ. ಹಣ್ಣಾಗಲು ಬಿಟ್ಟು, ಸಿಪ್ಪೆ ಸಮೇತ ಅಂಗಳದಲ್ಲಿ ಬಿಸಿಲಿಗೆ ಒಣಗಿಸಿ ಆಮೇಲೆ ಸುಲಿದರೆ ಚಾಲಿ. ಕೊಯ್ಲಿನ ಮುಂಚೆ ಪ್ರತಿ ವರ್ಷ ಅಪ್ಪ ಇದನ್ನೇ ಯೋಚಿಸುತ್ತಾನೆ: ಈ ಸಲ ಎಷ್ಟು ಕೆಂಪು, ಎಷ್ಟು ಚಾಲಿ? ಅಂದರೆ ಅನುಪಾತ ನೋಡುತ್ತಾನೆ, ಆ ಹೆಸರಿಡುವುದಿಲ್ಲ ಅಷ್ಟೇ.

ಅಪ್ಪನಿಗೆ ಒಂದು ಅಭ್ಯಾಸ. ಪೇಪರಿನಲ್ಲಿ ಬರುವ ಶಿರಸಿ ಮಾರುಕಟ್ಟೆ ಧಾರಣೆಯನ್ನು ಡೈರಿಯಲ್ಲಿ ಬರೆದಿಡುವುದು. ನೀಲಿ ಇಂಕಿನಲ್ಲಿ ಮೂರು ಅಂಕಣ: ಕನಿಷ್ಠ, ಗರಿಷ್ಠ, ಸರಾಸರಿ. ಕೆಲವು ಪುಟಗಳಿಗೆ ಚೊಗರಿನ ಹೆಬ್ಬೆರಳ ಗುರುತು ಅಂಟಿದೆ. ಈ ವರ್ಷದ ಡೈರಿಯನ್ನು ನಾಲ್ಕು ಮಧ್ಯಾಹ್ನ ಕೂತು ಸ್ಪ್ರೆಡ್‌ಶೀಟಿಗೆ ಇಳಿಸಿದೆ. ಇಂಟರ್ನ್‌ಶಿಪ್‌ನಲ್ಲಿ ಬರೆದ ಕೋಡಿನಲ್ಲಿ ಎಬಿಸಿ ಇದ್ದಲ್ಲಿ ರಾಶಿ, ಡಿಇಎಫ್ ಇದ್ದಲ್ಲಿ ಚಾಲಿ ಎಂದು ಬದಲಿಸಿ ಓಡಿಸಿದೆ.

ಓಡಲಿಲ್ಲ. ಒಂದು ಸಾಲಿಗೆ ಬಂದು ನಿಂತಿತು. ಆ ದಿನ ಚಾಲಿ ಮಾರುಕಟ್ಟೆಗೆ ಬಂದಿರಲಿಲ್ಲ, ಅಪ್ಪ ಅಲ್ಲಿ ಗೆರೆ ಎಳೆದಿದ್ದ, ನಾನು ಸೊನ್ನೆ ತುಂಬಿದ್ದೆ. ಕೋಡ್ ಬದಲಿಸುವ ಭರದಲ್ಲಿ, ಎರಡನೇ ಬೆಲೆ ಸೊನ್ನೆಯೇ ಎಂದು ನೋಡುವ ಸಾಲನ್ನೇ ಕೈಬಿಟ್ಟಿದ್ದೆ. ಹಾಗಾದರೆ ಏನು ಮಾಡಬೇಕು ಎಂದು ಮೊದಲ ಕೆಲಸದಲ್ಲಿ ಯಾಕೆ ಕೇಳಿದ್ದರು ಎಂಬುದು ಆಗ ಗೊತ್ತಾಯಿತು. ವಹಿವಾಟು ಇಲ್ಲದ ದಿನಗಳನ್ನು ಖಾಲಿ ಬಿಟ್ಟೆ, ಗ್ರಾಫಿನ ಗೆರೆ ಅಲ್ಲಲ್ಲಿ ತುಂಡಾಗಿ ಕಂಡಿತು. ಹಾಗೇ ಇರಲಿ. ಮಾರುಕಟ್ಟೆ ಇಲ್ಲದ ದಿನಕ್ಕೆ ಬೆಲೆ ಊಹಿಸಿ ಗೆರೆ ಜೋಡಿಸುವುದು ನನಗೆ ಒಪ್ಪಿಗೆಯಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ತೋರಿಸಿಕೊಟ್ಟವನು ಅಪ್ಪ. ಬಿಡ್ ಮತ್ತು ಆಸ್ಕ್ ಕೂಡಿಸಿ ಅರ್ಧ ಮಾಡಿದ ಹಾಗೆಯೇ ಕನಿಷ್ಠ ಮತ್ತು ಗರಿಷ್ಠ ಧಾರಣೆಯನ್ನು ಕೂಡಿಸಿ ಅರ್ಧ ಮಾಡಿದ್ದೆ. ಸರಾಸರಿ ಅಂಕಣವನ್ನು ಮುಟ್ಟಿರಲೇ ಇಲ್ಲ. ರಾತ್ರಿ ಊಟವಾದ ಮೇಲೆ ಅಪ್ಪ ಕನ್ನಡಕ ಹಾಕಿಕೊಂಡು ಬಂದು ಪರದೆಯ ಮುಂದೆ ಕೂತ. ಒಂದು ತಾರೀಖಿನ ಮೇಲೆ ಬೆರಳಿಟ್ಟ.

“ಈ ದಿನ ರಾಶಿಗೆ ಇಷ್ಟು ಕಡಿಮೆ ಇರ್ಲೆ.”

ಡೈರಿ ತೆಗೆಸಿದ. ಆ ದಿನ ಕನಿಷ್ಠ ಧಾರಣೆ ತೀರಾ ಕೆಳಗಿತ್ತು, ಸರಾಸರಿ ಮಾತ್ರ ಹಿಂದಿನ ದಿನದಷ್ಟೇ ಇತ್ತು.

“ಕೆಳಗಿನ ರೇಟು ಬೇರೆ ಅಡಿಕೆದು, ಮೇಲಿನ ರೇಟು ಬೇರೆ ಅಡಿಕೆದು ಕೂಸೆ. ಎರಡ್ನೂ ಕೂಡ್ಸಿ ಅರ್ಧ ಮಾಡಿರೆ ಅದು ಯಾರ ಅಡಿಕೆ ರೇಟು?”

ನನಗೆ ಉತ್ತರ ಹೊಳೆಯಲಿಲ್ಲ. ಮಾರುಕಟ್ಟೆಯ ಟೆಂಡರ್‌ನಲ್ಲಿ ವ್ಯಾಪಾರಿಗಳು ಒಬ್ಬೊಬ್ಬರ ಮಾಲಿಗೂ ಬೇರೆ ಬೇರೆ ಬೆಲೆ ಬರೆಯುತ್ತಾರೆ. ಯಾರದೋ ಮಳೆಗೆ ಸಿಕ್ಕಿ ಬಣ್ಣಗೆಟ್ಟ ನಾಲ್ಕು ಚೀಲಕ್ಕೆ ಬಂದದ್ದು ಕನಿಷ್ಠ, ಇನ್ಯಾರದೋ ಚೊಕ್ಕ ಮಾಲಿಗೆ ಬಂದದ್ದು ಗರಿಷ್ಠ. ಬಿಡ್ ಮತ್ತು ಆಸ್ಕ್ ಹಾಗಲ್ಲ. ಅಲ್ಲಿ ವಸ್ತು ಒಂದೇ, ಅದರ ಎರಡು ಬದಿಯಲ್ಲಿ ನಿಂತ ಇಬ್ಬರ ಮಾತು ಅದು. ಹಾಗಾಗಿ ನಡುವಿನ ಬೆಲೆಗೆ ಅರ್ಥ ಇದೆ. ನಾನು ಸೂತ್ರವನ್ನು ಹೊತ್ತು ತಂದಿದ್ದೆ, ಅದು ಯಾಕೆ ಹಾಗಿದೆ ಎಂಬುದನ್ನು ಅಲ್ಲೇ ಬಿಟ್ಟು ಬಂದಿದ್ದೆ. ಟೆಸ್ಟ್‌ಗಳೆಲ್ಲ ಪಾಸಾಗಿದ್ದವು. ಕೂಡಿಸಿದ್ದು ಸರಿ ಇದೆಯೇ ಎಂದು ಟೆಸ್ಟ್ ನೋಡುತ್ತದೆ, ಕೂಡಿಸಬೇಕಿತ್ತೇ ಎಂದು ಕೇಳುವುದಿಲ್ಲ.

ಅವತ್ತೇ ರಾತ್ರಿ ಲೆಕ್ಕವನ್ನು ಸರಾಸರಿ ಅಂಕಣಕ್ಕೆ ಬದಲಿಸಿದೆ. ಗರಗಸದ ಹಲ್ಲಿನ ಹಾಗಿದ್ದ ಗೆರೆ ಎಷ್ಟೋ ತಣ್ಣಗಾಯಿತು. ಮೊದಲ ಸಲ ತೋರಿಸಿದ ಎಚ್ಚರಿಕೆಗಳಲ್ಲಿ ಹೆಚ್ಚಿನವು ಮಾಯವಾದವು. ಅವು ಮಾರುಕಟ್ಟೆಯ ಏರಿಳಿತವಾಗಿರದೆ ಯಾರದೋ ಒದ್ದೆ ಅಡಿಕೆಯಾಗಿದ್ದವು.

ಮಿತಿ ಎಲ್ಲಿ ಹಾಕುವುದು ಎಂಬುದು ಇನ್ನೂ ಬಗೆಹರಿದಿಲ್ಲ. ಷೇರಿಗೆ ಹಾಕಿದ ಐದು ಶೇಕಡಾ ಇಲ್ಲಿ ಹೊಂದುವುದಿಲ್ಲ, ಒಂದು ವರ್ಷದ ಡೈರಿಯಿಂದ ಅದನ್ನು ಹೇಳಲೂ ಬರುವುದಿಲ್ಲ. ಇನ್ನೂ ಒಂದು ಕೊರತೆಯಿದೆ. ವ್ಯಾಪಾರಿ ಇವತ್ತು ಮಾರಿ ನಾಳೆ ಕೊಳ್ಳಬಹುದು. ಅಪ್ಪ ಒಮ್ಮೆ ಹಸಿ ಅಡಿಕೆಯ ಕೊನೆ (ಗೊನೆ) ಇಳಿಸಿ ಬೇಯಿಸಿಬಿಟ್ಟರೆ ಅದು ಮತ್ತೆ ಚಾಲಿ ಆಗುವುದಿಲ್ಲ. ವರ್ಷಕ್ಕೆ ಒಂದೇ ತೀರ್ಮಾನ. ಅದಕ್ಕೇ ಧಾರಣೆಯ ಅನುಪಾತ ಒಂದೇ ಸಾಲದು. ಒಂದು ಕ್ವಿಂಟಲ್ ಹಸಿ ಅಡಿಕೆಗೆ ರಾಶಿ ಎಷ್ಟು ಸಿಗುತ್ತದೆ, ಚಾಲಿ ಎಷ್ಟು ಸಿಗುತ್ತದೆ, ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವವರಿಗೆ ಎಷ್ಟು, ಒಲೆಗೆ ಸೌದೆ ಎಷ್ಟು, ಇವೂ ಅಂಕಣಗಳಾಗಬೇಕು.

ಇಂದು ಬೆಳಿಗ್ಗೆ ಕೇಳದೆಯೇ ಅಪ್ಪ ಅಟ್ಟ ಹತ್ತಿ ಹಳೆಯ ಡೈರಿಗಳ ಕಟ್ಟು ಇಳಿಸಿದ. ಹನ್ನೊಂದು ಇವೆ. ಎರಡಕ್ಕೆ ಗೆದ್ದಲು ಹಿಡಿದಿದೆ. ಒಂದರ ಕೊನೆಯ ಪುಟಗಳಲ್ಲಿ ಸುಲಿಯುವವರ ಕೂಲಿಯ ಲೆಕ್ಕ ದಿನದಿನಕ್ಕೂ ಬರೆದಿದೆ. ಕಾಲೇಜು ಶುರುವಾಗಲು ಹದಿನಾರು ದಿನ ಇದೆ. ಗೆದ್ದಲು ಹಿಡಿದವನ್ನೇ ಮೊದಲು ಇಳಿಸಿಕೊಳ್ಳುತ್ತೇನೆ.