ಟಿ.ಸಿ. ಕೇಳುವ ಮೊದಲು ಸಿಲಬಸ್ ತೆಗೆದು ನೋಡಿ

ಡಿಗ್ರಿ ಮೊದಲ ವರ್ಷದ ರಿಸಲ್ಟ್ ಬಂತೆಂದರೆ ಕಲಬುರಗಿ ಕಡೆ ಮನೆಮನೆಯಲ್ಲಿ ಅದೇ ಮಾತು: ಬೆಂಗಳೂರಿಗೆ ಹೋಗೋದಾ, ಹೈದರಾಬಾದಿಗಾ, ಇಲ್ಲೇ ಮುಗಿಸೋದಾ? ಹೋಗುವುದರಲ್ಲಿ ತಪ್ಪೇನಿಲ್ಲ. ಟಿ.ಸಿ. ತೆಗೆದುಕೊಂಡ ಮೇಲೆ ವಿಚಾರ ಮಾಡುವುದು ಮಾತ್ರ ತಪ್ಪು. ಟಿ.ಸಿ. ಕೈಗೆ ಬಂದರೆ ಹಳೇ ಕಾಲೇಜಿನ ಋಣ ತೀರಿತು. ಹೊಸ ಕಾಲೇಜಿನ ಸೀಟು ಕೈಕೊಟ್ಟರೆ ಒಂದು ವರ್ಷವೇ ಹೋಯಿತು.

ಊರು ಹತ್ತಿರವಿದ್ದರೂ ವಿವಿ ಬೇರೆ ಇರಬಹುದು. 1980ರಲ್ಲಿ ಶುರುವಾದ ಗುಲಬರ್ಗಾ ವಿವಿಯ ವ್ಯಾಪ್ತಿ ಈಗ ಹಂಚಿಹೋಗಿದೆ. ಯಾದಗಿರಿ ಜಿಲ್ಲೆ ರಾಯಚೂರು ವಿವಿಗೆ ಸೇರಿದೆ, ಬೀದರ್‌ಗೆ ತನ್ನದೇ ವಿವಿ ಬಂದಿದೆ. ಹಾಗಾಗಿ ಬೀದರಿನಿಂದ ಕಲಬುರಗಿಗೆ ಬಂದರೂ ಮೈಗ್ರೇಶನ್ ಸರ್ಟಿಫಿಕೇಟ್ (ಬೇರೆ ವಿವಿಗೆ ಹೋಗಲು ಹಳೇ ವಿವಿ ಕೊಡುವ ಪತ್ರ) ಬೇಕು. ಕಡಗಂಚಿಯ ಕೇಂದ್ರೀಯ ವಿವಿಯ ಡಿಗ್ರಿ ಪ್ರವೇಶ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ. ಅಲ್ಲಿ ಓದಬೇಕೆಂದರೆ ಮೊದಲ ವರ್ಷದಿಂದಲೇ ಎಂದುಕೊಂಡು ಲೆಕ್ಕ ಹಾಕಿ.

ನಿಜವಾದ ತೊಡಕು ಸಿಲಬಸ್ಸಿನದು. ಎರಡು ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಎಡಕ್ಕೆ, ಹೊಸ ವಿವಿಯ ಸಿಲಬಸ್ ಬಲಕ್ಕೆ ಇಟ್ಟುಕೊಂಡು ಕೂಡಿ. ಪೇಪರಿನ ಹೆಸರು ಒಂದೇ ಇದೆಯೆಂದು ಸಮಾಧಾನಪಡಬೇಡಿ. ಬಿ.ಎಸ್ಸಿ. ಗಣಿತವನ್ನೇ ತೆಗೆದುಕೊಳ್ಳಿ: ಕ್ಯಾಲ್ಕುಲಸ್ ಇಲ್ಲಿ ಮೊದಲ ಸೆಮಿಸ್ಟರಿನಲ್ಲಿದ್ದು ಅಲ್ಲಿ ಮೂರನೆಯದರಲ್ಲಿದ್ದರೆ ಓದಿದ್ದನ್ನೇ ಮತ್ತೆ ಓದುತ್ತೀರಿ. ಅಲ್ಲಿನವರು ಮೊದಲೇ ಮುಗಿಸಿದ ಆಲ್ಜೀಬ್ರಾ ನಿಮಗೆ ಬಾಕಿ ಉಳಿಯುತ್ತದೆ, ಅದನ್ನು ಮೂರನೇ ಸೆಮಿಸ್ಟರಿನ ಪೇಪರುಗಳ ಜೊತೆಗೇ ಬರೆಯಬೇಕಾಗುತ್ತದೆ. ಎರಡೂ ಕಡೆ ಹೊಂದುವ ಯೂನಿಟ್ಟಿಗೊಂದು ಗುರುತು ಹಾಕಿ, ಕ್ರೆಡಿಟ್ ಕೂಡಿಸಿ. ಭಾಷಾ ಪೇಪರನ್ನು ಮರೆಯಬೇಡಿ, ಹೈದರಾಬಾದಿನ ಕಾಲೇಜಿನಲ್ಲಿ ಕನ್ನಡ ಸಿಗುವುದು ಕಷ್ಟ. ಬಾಕಿ ಪೇಪರು ಒಂದೆರಡಾದರೆ ನಿಭಾಯಿಸಬಹುದು. ನಾಲ್ಕಾದರೆ ಇಲ್ಲೇ ಮುಗಿಸಿ, ಪಿ.ಜಿ.ಗೆ ಹೊರಗೆ ಹೋಗುವುದೇ ಲೇಸು. ಐದನೇ ಸೆಮಿಸ್ಟರಿಗೆ ಬಂದವರಿಗೂ ನನ್ನ ಸಲಹೆ ಇದೇ.

ಇಷ್ಟಾಗಿಯೂ ಹೋಗುವುದೇ ಆದರೆ, ಸೀಟು ಖಾಲಿ ಇದೆ ಎಂದು ಹೊಸ ಕಾಲೇಜಿನಿಂದ ಮೊದಲು ಬರಹದಲ್ಲಿ ಪಡೆಯಿರಿ. ಆಮೇಲೆ ಹಳೇ ಕಾಲೇಜಿನ ಎನ್‌ಒಸಿ (ಆಕ್ಷೇಪವಿಲ್ಲವೆಂಬ ಪತ್ರ), ಹೊಸ ವಿವಿಯ ಅರ್ಹತಾ ಪತ್ರ. ಸಹಿ-ಸೀಲು ಹಾಕಿಸಿದ ಹಳೇ ಸಿಲಬಸ್ಸಿನ ಪ್ರತಿ ಜೊತೆಗಿರಲಿ. ಪೇಪರು ತಾಳೆ ನೋಡುವವರಿಗೆ ಮಾರ್ಕ್ಸ್ ಕಾರ್ಡ್ ಒಂದೇ ಸಾಲದು. ಟಿ.ಸಿ., ಮೈಗ್ರೇಶನ್ ಎಲ್ಲಕ್ಕಿಂತ ಕೊನೆಗೆ. ಫೇಲಾದ ಪೇಪರ್ ಇದ್ದರೆ ಪಾಸು ಮಾಡಿಕೊಂಡೇ ಅರ್ಜಿ ಹಾಕಿ.

ಹೊರಗೆ ಓದಿದರೆ 371ಜೆ (ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ ಈ ವಿಧಿಯಡಿ ಸಿಗುವ ಮೀಸಲಾತಿ) ಹೋಗುತ್ತದೆಂದು ಹೆದರುವ ಪಾಲಕರಿದ್ದಾರೆ. ಅದರ ಪ್ರಮಾಣಪತ್ರ ಸಿಗುವುದು ಹುಟ್ಟು ಇಲ್ಲವೇ ವಾಸದ ಆಧಾರದ ಮೇಲೆ, ಡಿಗ್ರಿ ಎಲ್ಲಿ ಮಾಡಿದಿರಿ ಎಂಬುದರ ಮೇಲಲ್ಲ. ಸಹಾಯಕ ಆಯುಕ್ತರ ಕಚೇರಿಯಿಂದ ಅದನ್ನು ಊರು ಬಿಡುವ ಮೊದಲೇ ಮಾಡಿಸಿಟ್ಟುಕೊಳ್ಳಿ.