ಫೇರ್ ಕಾಪಿ ಬೇಡ, ರಫ್ ಹಾಳೆ ಕೊಡಿ

ನಾನು ಮೊದಲ ಸಲ ಮಕ್ಕಳ ಕೈಲಿ ಕೃತಿಸಂಪುಟ (ವರ್ಷವಿಡೀ ಮಾಡಿದ ಕೆಲಸಗಳನ್ನು ಕೂಡಿಸಿಡುವ ಫೈಲು) ಮಾಡಿಸಿದ ವರ್ಷ ಫೈಲುಗಳು ಎಷ್ಟು ಚಂದ ಇದ್ದವು ಅಂದರೆ, ನೋಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಬಣ್ಣದ ರಟ್ಟು, ಮಿನುಗುವ ಅಕ್ಷರದಲ್ಲಿ ಹೆಸರು, ಒಳಗೆ ಒಂದೂ ತಪ್ಪಿಲ್ಲದ ಹಾಳೆಗಳು. ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಮಗಳ ಫೈಲನ್ನು ಎರಡು ಸಲ ತಿರುವಿ ಹಾಕಿದರು. ಆಮೇಲೆ, "ಎಲ್ಲಾ ಚೆನ್ನಾಗಿದೆ ಮಿಸ್, ಆದ್ರೆ ಇವಳಿಗೆ ಏನು ಬರಲ್ಲ ಅಂತ ಇದ್ರಲ್ಲಿ ಎಲ್ಲಿದೆ?" ಅಂದರು.

ನಾನು ತಡವರಿಸಿದೆ. ಮಕ್ಕಳು ಬರೆದದ್ದನ್ನು ನಾನು ತಿದ್ದಿದ್ದೆ, ಅವರು ಅದನ್ನೇ ನೋಡಿಕೊಂಡು ಫೇರ್ ಮಾಡಿದ್ದರು, ಆ ಫೇರ್ ಹಾಳೆ ಫೈಲಿಗೆ ಹೋಗಿತ್ತು, ರಫ್ ಹಾಳೆ ಕಸದ ಬುಟ್ಟಿಗೆ. ಅಂದರೆ ನಾನು ವರ್ಷವಿಡೀ ಜೋಪಾನ ಮಾಡಿದ್ದು ನನ್ನದೇ ತಿದ್ದುಪಡಿಗಳನ್ನು. ಮಕ್ಕಳು ಹೇಗೆ ಕಲಿತರು ಅನ್ನುವುದು ಬುಟ್ಟಿಯಲ್ಲಿತ್ತು.

ಅಲ್ಲಿಂದ ಮುಂದೆ ನನ್ನ ನಿಯಮ ತಿರುಗಾಮುರುಗಾ ಆಯಿತು. ರಫ್ ಹಾಳೆ ಕಡ್ಡಾಯ. ಮೇಲೆ ತಾರೀಖು ಕಡ್ಡಾಯ. ರಬ್ಬರ್ ಬಳಸುವ ಹಾಗಿಲ್ಲ, ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ಫೇರ್ ಕಾಪಿ ಬೇಕಿದ್ದವರು ಇಡಲಿ, ಬೇಡ ಅನ್ನುವುದಿಲ್ಲ, ಆದರೆ ರಫ್ ಜೊತೆಗೇ ಪಿನ್ ಹೊಡೆದಿರಬೇಕು.

ಇದರಿಂದ ಏನು ಸಿಗುತ್ತದೆ ಅಂತ ಒಂದು ಲೆಕ್ಕದಲ್ಲೇ ಹೇಳುತ್ತೇನೆ. ಒಬ್ಬ ಹುಡುಗಿ ವರ್ಷದ ಶುರುವಿನಲ್ಲಿ 1/2 + 1/3 = 2/5 ಅಂತ ಬರೆದಿದ್ದಳು. ಪರೀಕ್ಷೆಯಲ್ಲಾದರೆ ಅದಕ್ಕೆ ಸೊನ್ನೆ, ಕಥೆ ಮುಗಿಯಿತು. ಫೈಲಿನಲ್ಲಿ ಮಾತ್ರ ಅದೇ ಥರದ ಇನ್ನೂ ನಾಲ್ಕು ಲೆಕ್ಕ ಇದ್ದವು, ನಾಲ್ಕರಲ್ಲೂ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಳು. ಇದು ಅವಸರದ ತಪ್ಪಲ್ಲ, ಅವಳದೇ ಒಂದು ಪದ್ಧತಿ. ಅಂಥ ಮಗುವಿಗೆ "ಗಮನ ಕೊಟ್ಟು ಮಾಡು" ಅಂದರೆ ಅದೇ ತಪ್ಪನ್ನು ಇನ್ನಷ್ಟು ಗಮನ ಕೊಟ್ಟು ಮಾಡುತ್ತದೆ, ಅಲ್ವಾ? ಹಾಗಾಗಿ ಪಟ್ಟಿ ಎಳೆದು ಬಣ್ಣ ಹಚ್ಚು ಅಂದೆ. ಅರ್ಧಕ್ಕಿಂತ 2/5 ಚಿಕ್ಕದು ಅಂತ ಚಿತ್ರದಲ್ಲಿ ಕಂಡಿತು. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಗುತ್ತದೆ? ಮುಂದಿನ ಹಾಳೆಗಳಲ್ಲಿ ಪಟ್ಟಿಯನ್ನು ಆರು ಭಾಗ ಮಾಡಿದ್ದಾಳೆ, ಮೂರಕ್ಕೆ ಎರಡು ಸೇರಿಸಿ 5/6 ಬರೆದಿದ್ದಾಳೆ. ಇನ್ನೂ ಮುಂದೆ ಹೋದರೆ ಚಿತ್ರವೇ ಇಲ್ಲ, ಬೇಕಾಗಿಲ್ಲ. ಆ ಏಳೆಂಟು ಹಾಳೆಗಳನ್ನು ಸಾಲಾಗಿ ಹರಡಿ ತಾಯಿ-ತಂದೆಗೆ ತೋರಿಸಿದರೆ ನಾನು ಬಾಯಿ ಬಿಡುವುದೇ ಬೇಡ.

ಎರಡನೆಯದು ಚೀಟಿ. ಫೈಲಿಗೆ ಯಾವುದು ಹೋಗಬೇಕು ಅಂತ ಮಗುವೇ ಆರಿಸಬೇಕು, ಯಾಕೆ ಅಂತ ಎರಡು ಸಾಲು ಬರೆದು ಅಂಟಿಸಬೇಕು. ಮೊದಮೊದಲು "ಅಕ್ಷರ ಚೆನ್ನಾಗಿದೆ", "ಮಿಸ್ ಗುಡ್ ಹಾಕಿದ್ದಾರೆ" ಇಷ್ಟೇ ಬರುತ್ತದೆ. ಬರಲಿ ಬಿಡಿ. "ಹೋದ ಸಲ ಆಗದೇ ಇದ್ದದ್ದು ಇದರಲ್ಲಿ ಏನಾಗಿದೆ?" ಅಂತ ಕೇಳುತ್ತಾ ಹೋದರೆ ಚೀಟಿಗಳು ನಿಧಾನಕ್ಕೆ ಬದಲಾಗುತ್ತವೆ. ಆ ಹುಡುಗಿ ವರ್ಷದ ಕೊನೆಗೆ ತನ್ನ ಒಳ್ಳೆಯ ಕೆಲಸ ಅಂತ ಆರಿಸಿದ್ದು ಆ 2/5ರ ಹಾಳೆಯನ್ನೇ. ಚೀಟಿಯಲ್ಲಿ, "ಇದು ತಪ್ಪು. ಯಾಕೆ ತಪ್ಪು ಅಂತ ನನಗೆ ಈಗ ಗೊತ್ತು" ಅಂತಿತ್ತು. ನಾನಾಗಿದ್ದರೆ ಆ ಹಾಳೆಯನ್ನು ಆರಿಸುತ್ತಿರಲಿಲ್ಲ.

ಈಗ ಮಾರ್ಕ್ಸ್ ವಿಷಯ. ಫೈಲಿಗೆ ಅಂಕ ಕೊಡುವುದು, ಆ ಅಂಕ ಹಿಡಿದು ಮಕ್ಕಳನ್ನೋ ಶಾಲೆಗಳನ್ನೋ ಹೋಲಿಸುವುದು ಬೇಡ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದವರಿದ್ದಾರೆ. ಅಮೆರಿಕದ ವರ್ಮಾಂಟ್ ರಾಜ್ಯ 1990ರ ದಶಕದ ಶುರುವಿನಲ್ಲಿ 4 ಮತ್ತು 8ನೇ ತರಗತಿಯ ಮಕ್ಕಳ ಗಣಿತ, ಬರವಣಿಗೆ ಎರಡನ್ನೂ ಫೈಲಿನ ಮೂಲಕ ಅಳೆಯಲು ಹೊರಟಿತು. ರ‍್ಯಾಂಡ್ ಅನ್ನುವ ಸಂಶೋಧನಾ ಸಂಸ್ಥೆಯಿಂದ ಡೇನಿಯಲ್ ಕೊರೆಟ್ಜ್ ಮತ್ತು ಜೊತೆಗಾರರು ಅದನ್ನು ಪರಿಶೀಲಿಸಿದಾಗ ಕಂಡದ್ದು ಏನಂದರೆ, ಒಂದೇ ಫೈಲಿಗೆ ಇಬ್ಬರು ಶಿಕ್ಷಕರು ಕೊಟ್ಟ ಅಂಕ ಒಂದಕ್ಕೊಂದು ತಾಳೆಯಾಗುತ್ತಿದ್ದದ್ದು ಬಹಳ ಕಡಿಮೆ. ಗಣಿತದಲ್ಲಿ ಆಮೇಲೆ ಸ್ವಲ್ಪ ಸುಧಾರಿಸಿತು, ಬರವಣಿಗೆಯಲ್ಲಿ ಅಷ್ಟೂ ಆಗಲಿಲ್ಲ. ಒಬ್ಬ ಶಿಕ್ಷಕಿ ಪ್ರತಿ ಕರಡನ್ನೂ ತಿದ್ದಿ ಕೊಡುತ್ತಾರೆ, ಇನ್ನೊಬ್ಬರು ಕೈ ಹಚ್ಚುವುದೇ ಇಲ್ಲ. ಆಗ ಅಂಕ ಬಿದ್ದದ್ದು ಯಾರಿಗೆ? ಕೆಂಟಕಿ ರಾಜ್ಯವಂತೂ 1990ರ ಸುಧಾರಣಾ ಕಾನೂನಿನ ನಂತರ ಬರವಣಿಗೆಯ ಫೈಲನ್ನು ಶಾಲೆಗಳ ಅಂಕಕ್ಕೇ ಸೇರಿಸಿತ್ತು, 2009ರಲ್ಲಿ ಕೈಬಿಟ್ಟಿತು.

ಹಾಗಂತ ವರ್ಮಾಂಟಿನ ಕೆಲಸ ದಂಡ ಅನ್ನಬೇಡಿ. ಫೈಲಿನಿಂದಾಗಿ ತರಗತಿಯಲ್ಲಿ ಬಿಡಿಸಿ ಯೋಚಿಸುವ ಲೆಕ್ಕಗಳಿಗೆ ಜಾಸ್ತಿ ಹೊತ್ತು ಕೊಡುತ್ತಿದ್ದೇವೆ ಅಂತ ಅಲ್ಲಿನ ಶಿಕ್ಷಕರೇ ಹೇಳಿದ್ದರು. ಅಂದರೆ ತಕ್ಕಡಿಯಾಗಿ ಸೋತದ್ದು ಪಾಠಕ್ಕೆ ಒದಗಿತು. ನನಗೆ ಅಷ್ಟು ಸಾಕು. ಸಮಯ ತಿನ್ನುತ್ತದೆ ಅಂತಲೂ ಅವರು ಹೇಳಿದ್ದರು, ಅದೂ ನಿಜ.

40 ಮಕ್ಕಳು, ಒಬ್ಬೊಬ್ಬರ ಜೊತೆ ಕೂತು ಫೈಲ್ ನೋಡಲು 10 ನಿಮಿಷ ಅಂದುಕೊಂಡರೂ 400 ನಿಮಿಷ, ಹೆಚ್ಚುಕಡಿಮೆ ಏಳು ಗಂಟೆ. ಒಂದೇ ವಾರದಲ್ಲಿ ಮಾಡಲು ಹೋಗಿ ನಾನು ಸುಸ್ತಾಗಿ ಬಿದ್ದಿದ್ದೇನೆ. ಈಗ ವಾರಕ್ಕೆ ಐದು ಮಕ್ಕಳು, ಎಂಟು ವಾರಕ್ಕೆ ಒಂದು ಸುತ್ತು, ಅಷ್ಟೇ. ಉಳಿದವರು ಆ ಹೊತ್ತಿನಲ್ಲಿ ಜೋಡಿಯಾಗಿ ಕೂತು ಒಬ್ಬರ ಫೈಲ್ ಇನ್ನೊಬ್ಬರು ನೋಡುತ್ತಾರೆ. ಗಲಾಟೆ ಇರುತ್ತದೆ, ಇರಲಿ. ಮತ್ತೆ ಎಲ್ಲವನ್ನೂ ಫೈಲಿಗೆ ತುರುಕಬೇಡಿ, ವಿಷಯಕ್ಕೆ ಐದಾರು ಕೆಲಸ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಸುಮ್ನೆ ಗಂಟು, ಯಾರೂ ಬಿಚ್ಚುವುದಿಲ್ಲ.

ರೂಬ್ರಿಕ್ (ಕೆಲಸ ಹೇಗಿದೆ ಅಂತ ಅಳೆಯುವ ಅಂಶಗಳ ಪಟ್ಟಿ) ಬೇಕಾ ಅಂತ ಕೇಳುತ್ತಾರೆ. ಬೇಕು, ಆದರೆ ಮಕ್ಕಳಿಗೆ ಓದಿದರೆ ಅರ್ಥವಾಗುವಂಥದ್ದು. "ಉತ್ತಮ, ಸಾಧಾರಣ" ಅಂತ ಬರೆದರೆ ಮಗುವಿಗೆ ಏನೂ ತಿಳಿಯುವುದಿಲ್ಲ. "ಯಾಕೆ ಹೀಗೆ ಮಾಡಿದೆ ಅಂತ ಹೇಳಿದ್ದೀನಾ?", "ಬೇರೆ ದಾರಿಯಲ್ಲಿ ಮಾಡಿ ತಾಳೆ ನೋಡಿದ್ದೀನಾ?" ಅಂತ ಇದ್ದರೆ ಅದು ತಾನೇ ನೋಡಿಕೊಳ್ಳುತ್ತದೆ.

ಫೋನಿನಲ್ಲಿ ಇಡುವ ಫೈಲಿನ ಬಗ್ಗೆ ನನಗೆ ದೊಡ್ಡ ಉಮೇದೇನಿಲ್ಲ, ಒಂದು ವಿಷಯ ಬಿಟ್ಟು: ಗಟ್ಟಿಯಾಗಿ ಓದುವುದು. ಅದು ಹಾಳೆಯ ಮೇಲೆ ಉಳಿಯುವುದಿಲ್ಲ. ಶುರುವಿನಲ್ಲಿ ಒಂದು ನಿಮಿಷ, ನಡುವೆ ಒಂದು ನಿಮಿಷ, ಕೊನೆಗೆ ಒಂದು ನಿಮಿಷ ಅದೇ ಮಗುವಿನ ದನಿ ರೆಕಾರ್ಡ್ ಮಾಡಿ ಇಡಿ. ನಮ್ಮ ತರಗತಿಯಲ್ಲಿ ಒಬ್ಬ ಹುಡುಗ ತನ್ನ ಮೊದಲನೇ ರೆಕಾರ್ಡಿಂಗ್ ಕೇಳಿ, ಇದು ನಾನಲ್ಲವೇ ಅಲ್ಲ ಅಂತ ಪಟ್ಟು ಹಿಡಿದ. ತಾರೀಖು ತೋರಿಸಿದೆ, ನಂಬಲಿಲ್ಲ. ಕೊನೆಗೆ ಪಕ್ಕದ ಬೆಂಚಿನವನು ಬಂದು ಸಾಕ್ಷಿ ಹೇಳಬೇಕಾಯಿತು.