‘ನನ್ನಿಂದ ಆಗದು’ ಎಂಬ ಅಳುಕು ನಿಮಗೆ ಹೇಗೆ ಹೋಯಿತು?

ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ತಾಳಮದ್ದಳೆಯ ಕೂಟ ಮುಗಿದು ಚಹಾ ಕುಡಿಯುವ ಹೊತ್ತಿನಲ್ಲಿ, ಅಥವಾ ಶಾಲೆಯ ಪಾಲಕರ ಸಭೆ ಮುಗಿದು ಎಲ್ಲರೂ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿರುವಾಗ, ಒಬ್ಬರಲ್ಲ ಒಬ್ಬರು ನನ್ನನ್ನು ಬದಿಗೆ ಕರೆದು ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: ‘ಮಾಸ್ತರೇ, ಚಿಕ್ಕಂದಿನಲ್ಲಿ ನಿಮಗೆ ಉಗ್ಗು ಇತ್ತಂತೆ. ಈಗ ಮೂರು ತಾಸು ಕೂತು ಅರ್ಥ ಹೇಳುತ್ತೀರಿ. ದೇವರು ಎಲ್ಲರಿಗೂ ಏನಾದರೊಂದನ್ನು ಕೊಟ್ಟಿರುತ್ತಾನೆ ಎಂದೂ ಹೇಳುತ್ತೀರಿ. ಹಾಗಾದರೆ ನನ್ನಿಂದ ಆಗದು ಎಂಬ ಅಳುಕು ನಿಮಗೆ ಹೇಗೆ ಹೋಯಿತು?’

ಅಳುಕು ಹೋಗಿಲ್ಲ. ಅದು ಹೋಗಲಿ, ಆಮೇಲೆ ಮಾಡೋಣ ಎಂದು ಕಾಯುವುದನ್ನು ಬಿಟ್ಟ ಮೇಲೆ ನನ್ನ ಕೆಲಸ ಸಾಗಿತು. ಕೇಳಿದವರ ಮುಖದಲ್ಲಿ ಇದರಿಂದ ಸಮಾಧಾನ ಕಾಣುವುದಿಲ್ಲ. ಆದ್ದರಿಂದ ಚಹಾದ ಲೋಟ ಹಿಡಿದು ನಿಂತಲ್ಲಿ ಹೇಳಲಾಗದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಶಿರಸಿ ಸೀಮೆಯ ಒಂದು ಅಡಿಕೆ ತೋಟದ ಮನೆಯಲ್ಲಿ. ಶಾಲೆಯಲ್ಲಿ ಹಾಜರಿ ಕರೆಯುವಾಗ ನನ್ನ ಸರದಿ ಹತ್ತಿರ ಬಂದಂತೆ ಅಂಗೈ ಬೆವರುತ್ತಿತ್ತು. ‘ಹಾಜರ್’ ಎಂಬ ಒಂದು ಮಾತು ಗಂಟಲಿನಲ್ಲಿ ಸಿಕ್ಕಿಕೊಂಡು ಬಾಯಿ ತೆರೆದೇ ಇರುತ್ತಿತ್ತು. ಉಳಿದವರು ತಿರುಗಿ ನೋಡುತ್ತಿದ್ದರು. ಒಂದು ವರ್ಷ ಗ್ಯಾದರಿಂಗಿನ ನಾಟಕಕ್ಕೆ ಹೆಸರು ಬರೆಸಿದೆ. ಶಿಕ್ಷಕರೊಬ್ಬರು ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದು, ‘ನೀನು ಪರದೆ ಎಳೆಯುವ ಕೆಲಸ ಮಾಡು, ಮಾತು ನಿನಗೆ ಬೇಡ’ ಎಂದರು. ಅವರು ಬೈಯಲಿಲ್ಲ, ಪ್ರೀತಿಯಿಂದಲೇ ಹೇಳಿದರು. ಬೈದಿದ್ದರೆ ಸಿಟ್ಟು ಮಾಡಿಕೊಂಡು ಮರೆಯುತ್ತಿದ್ದೆನೇನೋ. ಪ್ರೀತಿಯಿಂದ ಹೇಳಿದ್ದರಿಂದ ಅದು ತೀರ್ಪಿನಂತೆ ಒಳಗೆ ಕೂತುಬಿಟ್ಟಿತು. ನಮ್ಮಲ್ಲಿ ಅನೇಕರು ಹೊತ್ತು ತಿರುಗುವ ‘ನನ್ನಿಂದ ಆಗದು’ ಎಂಬ ಮಾತು ನಮ್ಮದಲ್ಲ. ಯಾರೋ ಯಾವತ್ತೋ ಆಡಿದ್ದು, ನಾವು ನಮ್ಮ ದನಿಯಲ್ಲಿ ಮತ್ತೆ ಮತ್ತೆ ಹೇಳಿಕೊಂಡು ಸ್ವಂತದ್ದು ಮಾಡಿಕೊಂಡದ್ದು.

ಅದೇ ಚಳಿಗಾಲದಲ್ಲಿ ಅಡಿಕೆ ಕೊಯ್ಲು ನಡೆದಿತ್ತು. ರಾತ್ರಿ ಊಟವಾದ ಮೇಲೆ ಅಜ್ಜಿ ಅಂಗಳದ ಚಪ್ಪರದಡಿ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಿದ್ದಳು. ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು, ಹಸಿ ಅಡಿಕೆಯನ್ನು ಅಲಗಿಗೆ ತಾಗಿಸಿ ಸೀಳಿ, ಹೆಬ್ಬೆರಳಿನಿಂದ ಸಿಪ್ಪೆಯನ್ನು ಅತ್ತ ಸರಿಸಿ, ಅಡಿಕೆಯನ್ನು ಬುಟ್ಟಿಗೆ ಬೀಳಿಸುವುದು ಒಂದೇ ಲಯದಲ್ಲಿ ನಡೆಯುತ್ತಿತ್ತು. ಅವಳ ಕಣ್ಣು ಅಲಗಿನಿಂದ ಮೇಲೇಳುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಗೊನೆಯಿಂದ ಕಾಯಿ ಬಿಡಿಸಿ ಕೊಡುತ್ತ, ಶಾಲೆಯಲ್ಲಿ ಕೇಳಿದ ರಾಮಾಯಣದ ಕಥೆ ಹೇಳಬೇಕಾಗಿತ್ತು. ಮಾತು ಸಿಕ್ಕಿಕೊಂಡಾಗ ಅವಳು ತಲೆ ಎತ್ತಲಿಲ್ಲ. ನಿಧಾನವಾಗಿ ಹೇಳು ಎನ್ನಲಿಲ್ಲ. ನನ್ನ ಬಾಯಿಯ ಮಾತನ್ನು ತಾನು ಮುಗಿಸಿ ಕೊಡಲೂ ಇಲ್ಲ. ಅಡಿಕೆ ಬುಟ್ಟಿಗೆ ಬೀಳುವ ಸದ್ದು ನಾಲ್ಕೈದು ಬಾರಿ ಆಗುತ್ತಿತ್ತು. ಆಮೇಲೆ, ‘ತಮಾ, ಕಥೆ ಅಲ್ಲೇ ನಿಂತೋತು. ಮುಂದೆ ಎಂತಾ ಆತು?’ ಎಂದು ಕೇಳುತ್ತಿದ್ದಳು.

ಅವಳಿಗೆ ಬೇಕಾಗಿದ್ದದ್ದು ಕಥೆ. ನಾನು ಚೆನ್ನಾಗಿ ಮಾತಾಡುತ್ತೇನೋ ಇಲ್ಲವೋ ಎಂಬುದು ಅವಳ ಪ್ರಶ್ನೆಯೇ ಆಗಿರಲಿಲ್ಲ. ಎಷ್ಟೋ ವರ್ಷಗಳ ನಂತರ ನನಗೆ ಇದರ ಬೆಲೆ ತಿಳಿಯಿತು. ಶಾಲೆಯಲ್ಲಿ ಬಾಯಿ ತೆರೆಯುವಾಗ ನನ್ನ ಮನಸ್ಸೆಲ್ಲ ನನ್ನ ನಾಲಿಗೆಯ ಮೇಲೆ ಇರುತ್ತಿತ್ತು. ಅಜ್ಜಿಯ ಹತ್ತಿರ ಕೂತಾಗ ಅದು ಅವಳ ಕಿವಿಯ ಮೇಲೆ ಇರುತ್ತಿತ್ತು. ಉಗ್ಗು ಎರಡೂ ಕಡೆ ಇತ್ತು. ಕಥೆ ಮಾತ್ರ ಅಂಗಳದಲ್ಲಿ ಮುಂದಕ್ಕೆ ಹೋಗುತ್ತಿತ್ತು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ತಮ್ಮ ಮಕ್ಕಳ ಉಗ್ಗಿನ ಬಗ್ಗೆ ಚಿಂತೆ ಇರುವ ತಾಯಂದಿರೂ ನನ್ನನ್ನು ಕೇಳುತ್ತಾರೆ. ಉಗ್ಗು ಧೈರ್ಯವಿಲ್ಲದ್ದರಿಂದ ಬರುವುದಲ್ಲ. ಚಿಕ್ಕ ಮಕ್ಕಳಲ್ಲಿ ಕಾಣಿಸಿಕೊಳ್ಳುವ ಉಗ್ಗು ಬಹುಪಾಲು ತಾನಾಗಿ ಹೋಗುತ್ತದೆ. ದೊಡ್ಡವರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಉಳಿದುಕೊಳ್ಳುತ್ತದೆ. ಹಾಡುವಾಗ, ಹಲವರ ಜೊತೆ ಸೇರಿ ಒಟ್ಟಿಗೆ ಹೇಳುವಾಗ ಅದು ಹೆಚ್ಚಿನವರಲ್ಲಿ ಮಾಯವಾಗುತ್ತದೆ. ಇದಕ್ಕೆ ವಾಕ್ ಚಿಕಿತ್ಸಕರಿದ್ದಾರೆ, ಅವರ ಹತ್ತಿರ ಕರೆದುಕೊಂಡು ಹೋಗಬೇಕು. ಅಜ್ಜಿ ಇಡಗುಂಜಿ ಗಣಪತಿಗೆ ಪಂಚಕಜ್ಜಾಯದ ಹರಕೆ ಹೊತ್ತಿದ್ದಳು. ಅದು ಅವಳ ಭಕ್ತಿ, ನಾನು ಅದನ್ನು ತಲೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಆದರೆ ಹರಕೆ ಹೊತ್ತ ಮೇಲೆ ಚಿಕಿತ್ಸೆ ಬೇಡ ಎನ್ನುವುದು ದೇವರ ಮೇಲಿನ ನಂಬಿಕೆಯಲ್ಲ. ಅಳುಕು ಊಟ ನಿದ್ದೆಗಳನ್ನೇ ಕಿತ್ತುಕೊಳ್ಳುವಷ್ಟು ಬಲಿತಿದ್ದರೆ ಅದಕ್ಕೂ ವೈದ್ಯರೇ ಬೇಕು, ನನ್ನಂಥವನ ಮಾತು ಸಾಲದು.

ಇನ್ನು ರಾಮಾಯಣದ ವಿಷಯ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಆ ಪದ್ಯವನ್ನು ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ ಬೆಳೆಸುತ್ತಾರೆ. ಅಂಥ ಕೂಟದಲ್ಲಿ ನಾನು ಮೊದಲ ಬಾರಿ ಅರ್ಥ ಹೇಳಿದ್ದು ಒಂದು ಮಳೆಗಾಲದ ರಾತ್ರಿ, ಊರ ದೇವಸ್ಥಾನದಲ್ಲಿ, ಹನುಮಂತ ಸಮುದ್ರ ಹಾರುವ ಪ್ರಸಂಗದಲ್ಲಿ. ನನ್ನ ಪಾಲಿಗೆ ಬಂದದ್ದು ಅಂಗದ.

ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ಆ ಸಭೆಯ ವಿವರ ಸೊಗಸಾಗಿದೆ. ನೂರು ಯೋಜನದ ಸಮುದ್ರದ ಮುಂದೆ ವಾನರರು ಒಬ್ಬೊಬ್ಬರಾಗಿ ತಮ್ಮ ಅಳತೆ ಹೇಳುತ್ತಾರೆ. ಗಜ ಹತ್ತು ಯೋಜನ ಹಾರುತ್ತೇನೆ ಎನ್ನುತ್ತಾನೆ, ಗವಾಕ್ಷ ಇಪ್ಪತ್ತು. ಹೀಗೆ ಏರುತ್ತ ಸುಷೇಣ ಎಂಬತ್ತು, ಮುದಿಯಾದ ಜಾಂಬವಂತ ತೊಂಬತ್ತು. ಅಂಗದನು ನೂರು ಯೋಜನ ಹಾರಬಲ್ಲೆ, ಆದರೆ ಮರಳಿ ಬರುವ ಶಕ್ತಿ ಇದೆಯೋ ಇಲ್ಲವೋ ನಿಶ್ಚಯವಿಲ್ಲ ಎನ್ನುತ್ತಾನೆ. ಆ ರಾತ್ರಿ ನಾನು ‘ಮರಳಿ’ ಎಂಬಲ್ಲಿ ಸಿಕ್ಕಿಕೊಂಡೆ. ತುಟಿ ಕೂಡಿತು, ತೆರೆಯಲಿಲ್ಲ. ಭಾಗವತರ ಕೈಯ ತಾಳ ಮೊಣಕಾಲ ಮೇಲೆ ನಿಂತಿತು. ಹೊರಗೆ ಹೆಂಚಿನಿಂದ ಇಳಿಯುವ ನೀರಿನ ಸದ್ದು ಒಂದೇ. ಎದುರಿಗೆ ಜಾಂಬವಂತನಾಗಿ ಕೂತಿದ್ದ ಹಿರಿಯರು ನನ್ನ ಮಾತನ್ನು ಎತ್ತಿಕೊಂಡು ಮುಗಿಸಬಹುದಿತ್ತು, ಅರ್ಥಗಾರಿಕೆಯಲ್ಲಿ ಅದು ಕಷ್ಟವಲ್ಲ. ಅವರು ಹಾಗೆ ಮಾಡಲಿಲ್ಲ. ಮುಂದಕ್ಕೆ ಬಾಗಿ, ‘ಯುವರಾಜ, ಹೋಗಬಲ್ಲೆ ಎಂದೆಯಲ್ಲ. ಮುಂದೇನು?’ ಎಂದರು. ಅಂಗಳದ ಅಜ್ಜಿಯ ಪ್ರಶ್ನೆಯೇ ಅದು. ಅವರಿಗೆ ಅಂಗದನ ಮಾತು ಬೇಕಾಗಿತ್ತು. ಅಂಗದನ ಮಾತು ನನ್ನ ಹತ್ತಿರ ಇತ್ತು. ನಾನು ಕೊಟ್ಟೆ, ತಡವಾಗಿ, ಎರಡು ತುಂಡಾಗಿ.

ಅದೇ ಸಭೆಯಲ್ಲಿ ಹನುಮಂತ ಒಂದು ಬದಿಗೆ ಮಾತಿಲ್ಲದೆ ಕೂತಿರುತ್ತಾನೆ. ಜಾಂಬವಂತನು ಅವನಿಗೆ ಅವನ ಹುಟ್ಟಿನ ಕಥೆ ಹೇಳಿ ಎಬ್ಬಿಸುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಭಾಷಣಗಳಲ್ಲಿ ಅದನ್ನು ಸಾಕಷ್ಟು ಕೇಳಿದ್ದೇವೆ. ನನಗೆ ಅದಕ್ಕಿಂತ ಹೆಚ್ಚು ಬೇಕಾದದ್ದು ಮುಂದೆ ಸುಂದರಕಾಂಡದಲ್ಲಿ ಇದೆ, ಮತ್ತು ಅದನ್ನು ಯಾರೂ ಹೆಚ್ಚಾಗಿ ಹೇಳುವುದಿಲ್ಲ. ಸಮುದ್ರ ದಾಟಿ, ಲಂಕೆಯ ಅರಮನೆಗಳನ್ನೆಲ್ಲ ಹುಡುಕಿ, ಸೀತೆಯನ್ನು ಕಾಣದೆ ಹನುಮಂತ ಎದೆಗುಂದುತ್ತಾನೆ. ಬರಿಗೈಯಲ್ಲಿ ಮರಳಿದರೆ ಕಿಷ್ಕಿಂಧೆಯಲ್ಲಿ ಏನಾಗುವುದೋ, ಮರಳುವುದಕ್ಕಿಂತ ಇಲ್ಲೇ ಪ್ರಾಣ ಬಿಡುವುದು ಮೇಲೋ ಎಂಬಲ್ಲಿಯವರೆಗೂ ಯೋಚನೆ ಹೋಗುತ್ತದೆ. ನೂರು ಯೋಜನ ಹಾರಿ ಬಂದವನಿಗೂ ಅಳುಕು ಮತ್ತೆ ಬಂತು. ಈ ಸಲ ಧೈರ್ಯ ಹೇಳಲು ಜಾಂಬವಂತನಿಲ್ಲ, ಅವನು ಆಚೆಯ ದಡದಲ್ಲಿ ಉಳಿದಿದ್ದಾನೆ. ‘ಅನಿರ್ವೇದಃ ಶ್ರಿಯೋ ಮೂಲಮ್’, ಎದೆಗುಂದದಿರುವುದೇ ಏಳಿಗೆಯ ಬೇರು ಎಂದು ಹನುಮಂತ ತನಗೆ ತಾನೇ ಹೇಳಿಕೊಳ್ಳುವುದು ಈ ಕತ್ತಲೆಯ ನಡುವೆಯೇ. ಅದನ್ನು ಹೇಳಿಕೊಂಡ ಮೇಲೂ ಅಳುಕು ಒಮ್ಮೆಲೇ ಬಿಡುವುದಿಲ್ಲ. ಕೊನೆಗೆ ಅವನ ಕಣ್ಣಿಗೆ ಬೀಳುವುದು ತಾನಿನ್ನೂ ಹುಡುಕದೆ ಉಳಿದಿರುವ ಅಶೋಕವನ. ಅವನು ರಾಮಲಕ್ಷ್ಮಣರಿಗೆ, ಸೀತೆಗೆ, ದೇವತೆಗಳಿಗೆ ನಮಸ್ಕರಿಸಿ ಆ ತೋಟದತ್ತ ಹೋಗುತ್ತಾನೆ.

ನಾನು ಮಂಕಾಗಿ ಕೂತ ದಿನಗಳಲ್ಲಿ ಇದೇ ಭಾಗವನ್ನು ತೆಗೆದು ಓದುತ್ತೇನೆ. ನನಗೆ ಶಕ್ತಿ ಇದೆಯೇ ಎಂದು ಕೇಳಿಕೊಂಡರೆ ಒಳಗಿನಿಂದ ಉತ್ತರ ಬರುವುದೇ ಇಲ್ಲ. ಹುಡುಕದೆ ಉಳಿದ ಜಾಗ ಯಾವುದು ಎಂದು ಕೇಳಿಕೊಂಡರೆ ಬಂದೇ ಬರುತ್ತದೆ: ಓದದ ಒಂದು ಪದ್ಯ, ಮನೆಗೆ ಹೋಗಿ ಮಾತಾಡಿಸಬೇಕಾಗಿದ್ದ ಒಬ್ಬ ಹುಡುಗ, ಮತ್ತೊಮ್ಮೆ ತಿದ್ದಬೇಕಾದ ಒಂದು ಪಾಠ.

ಅಳುಕುವವರನ್ನು ಹೆದರಿಸಲು ಕೆಲವರು ಗೀತೆಯ ‘ಸಂಶಯಾತ್ಮಾ ವಿನಶ್ಯತಿ’ ಎಂಬ ಮಾತನ್ನು ಎತ್ತುತ್ತಾರೆ. ಇದು ಸರಿಯಲ್ಲ. ನಾಲ್ಕನೆಯ ಅಧ್ಯಾಯದ ಆ ಶ್ಲೋಕ ಶ್ರದ್ಧೆಯಿಲ್ಲದವನ ಸಂಶಯದ ಬಗ್ಗೆ ಹೇಳಿದ್ದು, ತನ್ನ ಶಕ್ತಿಯ ಬಗ್ಗೆ ಒಬ್ಬನಿಗೆ ಇರುವ ಅಂಜಿಕೆಯ ಬಗ್ಗೆ ಅಲ್ಲ. ಮೇಲಾಗಿ ಆ ಮಾತು ಕೇಳುತ್ತಿದ್ದ ಅರ್ಜುನನೇ ಕೈಕಾಲು ನಡುಗಿ ಬಿಲ್ಲು ಕೆಳಗಿಟ್ಟು ಕೂತವನು. ಕೃಷ್ಣ ಅವನನ್ನು ಬಿಟ್ಟು ಹೋಗಲಿಲ್ಲ. ಹನ್ನೊಂದನೆಯ ಅಧ್ಯಾಯದಲ್ಲಿ ‘ನಿಮಿತ್ತಮಾತ್ರಂ ಭವ’ ಎನ್ನುತ್ತಾನೆ: ಮಾಡಿಸುವವನು ಬೇರೆ ಇದ್ದಾನೆ, ನೀನು ಕೈಯಾಗು. ಆಗುತ್ತದೋ ಇಲ್ಲವೋ ಎಂಬ ಭಾರವನ್ನೆಲ್ಲ ನಾನೇ ಹೊರಬೇಕಾಗಿಲ್ಲ ಎಂಬ ಬಿಡುಗಡೆ ಆ ಮಾತಿನಲ್ಲಿದೆ.

ಕಾರವಾರದಲ್ಲಿ ತರಬೇತಿಗೆ ಹೋದಾಗ ಕ್ರೈಸ್ತ ಶಿಕ್ಷಕಿಯೊಬ್ಬರು ನನ್ನ ಉಗ್ಗಿನ ಕಥೆ ಕೇಳಿ ಬೈಬಲ್ಲಿನ ವಿಮೋಚನಕಾಂಡದ ನಾಲ್ಕನೆಯ ಅಧ್ಯಾಯ ಓದಿಸಿದರು. ಜನರನ್ನು ಬಿಡಿಸಿಕೊಂಡು ಬಾ ಎಂದು ದೇವರು ಕರೆದಾಗ ಮೋಶೆ ತಾನು ಮಾತುಗಾರನಲ್ಲ, ತನ್ನ ನಾಲಿಗೆ ಮಂದ ಎಂದು ಹಿಂಜರಿಯುತ್ತಾನೆ. ಮನುಷ್ಯನಿಗೆ ಬಾಯಿ ಕೊಟ್ಟವರು ಯಾರು ಎಂದು ದೇವರು ಕೇಳುತ್ತಾನೆ. ಆದರೂ ಮೋಶೆ ಬೇರೆ ಯಾರನ್ನಾದರೂ ಕಳಿಸು ಎಂದೇ ಬೇಡಿಕೊಳ್ಳುತ್ತಾನೆ. ಆಗ ದೇವರು ಅವನ ನಾಲಿಗೆಯನ್ನು ಸರಿಮಾಡುವುದಿಲ್ಲ. ಚೆನ್ನಾಗಿ ಮಾತಾಡಬಲ್ಲ ಅಣ್ಣ ಆರೋನನನ್ನು ಜೊತೆ ಕೊಡುತ್ತಾನೆ. ಕೆಲಸ ಮಾತ್ರ ಮೋಶೆಯದೇ. ನನಗೆ ಈ ಕಥೆ ಬಹಳ ಹತ್ತಿರದ್ದಾಯಿತು. ಕೊರತೆ ಇದ್ದಂತೆಯೇ ಇದ್ದು, ಪಕ್ಕಕ್ಕೆ ಒಬ್ಬರು ಬಂದು ಕೂರುವುದು ನನ್ನ ಜೀವನದಲ್ಲಿಯೂ ನಡೆದಿದೆ.

ಹಾಗೆಂದು ಎಲ್ಲ ಅನುಮಾನವೂ ತಳ್ಳಿಹಾಕತಕ್ಕದ್ದಲ್ಲ. ನಮ್ಮ ತೋಟಕ್ಕೆ ಅಡಿಕೆ ಕೊಯ್ಯಲು ಬರುವ ಕೊನೆಗೌಡರು ಒಂದು ಅಡಿಕೆ ಮರದ ತುದಿಯಲ್ಲಿ ತೂಗಿ ಪಕ್ಕದ ಮರ ಹಿಡಿಯುವವರು. ಹತ್ತುವ ಮೊದಲು ಅವರು ಮರವನ್ನು ಕೈಯಿಂದ ಅಲ್ಲಾಡಿಸಿ ನೋಡುತ್ತಾರೆ, ಹಗ್ಗವನ್ನು ಜಗ್ಗಿ ನೋಡುತ್ತಾರೆ, ಮಳೆ ಬಿದ್ದು ಜಾರುವ ದಿನ ಹತ್ತುವುದೇ ಇಲ್ಲ. ಅನುಮಾನದ ಜಾಗ ನೆಲದ ಮೇಲೆ. ಮೇಲೆ ಹೋದ ಮೇಲೆ ಕಣ್ಣು ಮುಂದಿನ ಮರದ ಮೇಲಿರಬೇಕು ಎಂದು ಅವರು ಒಮ್ಮೆ ಹೇಳಿದ್ದರು. ಅಂಗದನ ಅನುಮಾನವೂ ನೆಲದ ಮೇಲಿನದೇ, ಅದರಲ್ಲಿ ನಾಚಿಕೆಯಿಲ್ಲ. ನನಗೆ ಶ್ರುತಿ ಹಿಡಿಯಲು ಬರುವುದಿಲ್ಲ. ಭಾಗವತಿಕೆ ನನ್ನಿಂದ ಆಗದು ಎಂಬುದು ಅಳುಕಲ್ಲ, ತಿಳಿವಳಿಕೆ.

ದೇವರು ಕೊಟ್ಟದ್ದು ಯಾವುದು ಎಂದು ಗೊತ್ತಾಗುವುದು ಹೇಗೆ ಎಂದೂ ಕೇಳುತ್ತಾರೆ. ನಾನು ಕೆಲಸ ಮಾಡುವ ಅಂಕೋಲಾ ತಾಲೂಕಿನಲ್ಲಿ ಈ ಪ್ರಶ್ನೆಗೆ ಹೊನ್ನಳ್ಳಿಯ ತುಳಸಿ ಗೌಡರ ಬದುಕನ್ನು ತೋರಿಸುತ್ತೇನೆ. ಶಾಲೆಯ ಮೆಟ್ಟಿಲು ಹತ್ತದ ಹಾಲಕ್ಕಿ ಹೆಣ್ಣುಮಗಳು, ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡು ತಾಯಿಯ ಜೊತೆ ಅರಣ್ಯ ಇಲಾಖೆಯ ಸಸ್ಯಪಾಲನೆಗೆ ದಿನಗೂಲಿಗೆ ಹೋದವರು. ಬೀಜ ಆರಿಸುವುದು, ಮಣ್ಣು ತುಂಬುವುದು, ಸಸಿಗೆ ನೀರು ಹಾಕುವುದು ಅವರಿಗೆ ಸಿಕ್ಕಿದ ಕೂಲಿ. ಅದನ್ನೇ ದಶಕಗಳ ಕಾಲ ಮಾಡುತ್ತ, ಕಾಡಿನಲ್ಲಿ ಯಾವುದು ತಾಯಿಮರ, ಯಾವಾಗ ಅದರ ಬೀಜ ತೆಗೆಯಬೇಕು ಎಂಬುದನ್ನು ಅಧಿಕಾರಿಗಳೂ ಅವರನ್ನು ಕೇಳುವಂತಾಯಿತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಿನಲ್ಲಿ ಹೋಗಿ ಪದ್ಮಶ್ರೀ ಪಡೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಕಾಣಿಕೆಯನ್ನು ಮೊದಲು ಗುರುತಿಸಿ ಆಮೇಲೆ ಕೆಲಸ ಹಿಡಿಯಬೇಕು ಎಂದು ಕಾಯುವ ನಮ್ಮ ಹುಡುಗರಿಗೆ ಇದನ್ನು ಹೇಳುತ್ತೇನೆ, ಏಕೆಂದರೆ ತುಳಸಿ ಗೌಡರ ಕಾಣಿಕೆ ಕೈಗೆ ಬಂದ ಕೂಲಿಯ ಒಳಗೇ ಇತ್ತು, ಸಸಿಗೆ ನೀರು ಬೇಕಾಗಿದ್ದಾಗ ಅದು ಹೊರಗೆ ಬಂತು.

ಈ ವರ್ಷ ಇದೇ ಪ್ರಶ್ನೆಯನ್ನು ಕೇಳಿದವಳು ಡಿ.ಎಡ್. ಮುಗಿಸಿದ ಒಬ್ಬ ಹುಡುಗಿ. ಅಂಕಗಳು ಚೆನ್ನಾಗಿವೆ, ಆದರೆ ತರಗತಿಯ ಮುಂದೆ ನಿಂತರೆ ಕಾಲು ನಡುಗುತ್ತದೆ, ಈ ಕೆಲಸ ತನಗೆ ದೇವರು ಬರೆದದ್ದಲ್ಲವೇನೋ ಎಂದಳು. ನಾನು ಉಪದೇಶ ಮಾಡಲಿಲ್ಲ. ನಮ್ಮ ಶಾಲೆಯ ನಾಲ್ಕನೆಯ ತರಗತಿಯಲ್ಲಿ ಇಬ್ಬರು ಮಕ್ಕಳಿಗೆ ಒತ್ತಕ್ಷರ ಓದಲು ಬರುವುದಿಲ್ಲ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅರ್ಧ ತಾಸು ಅವರ ಜೊತೆ ಕೂರು ಎಂದೆ. ಬಂದಳು. ಜಗುಲಿಯ ಮೇಲೆ ಮಕ್ಕಳ ನಡುವೆ ಕೂತಳು, ಎದ್ದು ನಿಲ್ಲುವ ಪ್ರಮೇಯವೇ ಬರಲಿಲ್ಲ. ಒಬ್ಬ ಹುಡುಗ ‘ಅಕ್ಕ’ ಎಂಬ ಪದವನ್ನು ‘ಅಕ’ ಎಂದೇ ಓದುತ್ತಿದ್ದ. ಅವಳು ಅವನ ಬೆರಳು ಹಿಡಿದು ಕೆಳಗಿನ ಒತ್ತಿನ ಮೇಲೆ ಇಡಿಸಿದಳು. ಮುಂದಿನ ಶನಿವಾರ ನಾನು ಹೇಳಿ ಕಳಿಸಿರಲಿಲ್ಲ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಹಿಂಬದಿಯಲ್ಲಿ ಒತ್ತಕ್ಷರ ಬರೆದ ಒಂದು ಕಟ್ಟು ಕೈಯಲ್ಲಿ ಹಿಡಿದುಕೊಂಡು, ಶಾಲೆ ಬಿಡುವ ಮೊದಲೇ ಗೇಟಿನ ಹತ್ತಿರ ನಿಂತಿದ್ದಳು.